ಹತ್ತೊಂಬತ್ತನೇ ಕಂತಿಗೆ ಐದು ಕಾಯಿದೆ

ಈ ಸಲದ ರಮದಾನಿನಲ್ಲಿ ಮೂವತ್ತು ಸಂಜೆಯೂ ಕಟ್ಟಡದ ಹೆಂಗಸರೆಲ್ಲ ತನ್ನ ಮನೆಯಲ್ಲೇ ಕೂರಬೇಕು, ಬೇರೆ ಯಾರ ಮನೆಯಲ್ಲೂ ಕೂರಕೂಡದು ಎಂದು ಸನಿಯ್ಯಾ ತೀರ್ಮಾನಿಸಿದಳು. ತೀರ್ಮಾನಿಸಿದ ಮೇಲೆ ಮುಗಿಯಿತು! ಅಲೆಕ್ಸಾಂಡ್ರಿಯಾದ ಸಮುದ್ರ ಬೇಕಾದರೆ ಹಿಂದೆ ಸರಿದೀತು, ಸನಿಯ್ಯಾ ಸರಿಯುವವಳಲ್ಲ.

ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ. ಗಂಡ ಮಹ್ರೂಸ್ ತೀರಿಕೊಂಡು ಎಂಟು ತಿಂಗಳು. ಹಗಲು ಹೇಗೋ ಕಳೆಯುತ್ತದೆ. ಆದರೆ ಉಪವಾಸ ಬಿಡುವ ಫಿರಂಗಿ ಹಾರಿದ ಕೂಡಲೇ ಮೇಲೂ ಕೆಳಗೂ ಎಲ್ಲ ಮನೆಗಳಲ್ಲಿ ಚಮಚದ ಸದ್ದು ಏಳುತ್ತದೆ. ಅವಳ ಮನೆಯಲ್ಲಿ ಈ ಸಲ ಒಂದೇ ಚಮಚ. ಅದನ್ನು ಅವಳು ಒಂದು ಸಲ ನೆನೆದು ನೋಡಿದಳು. ಎರಡನೇ ಸಲ ನೆನೆಯಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ಹಳೆಯ ಧಾರಾವಾಹಿಗಳನ್ನು ಹಾಕುವ ಚಾನೆಲ್ಲೊಂದು ‘ಗಾಣದ ಮನೆ’ಯನ್ನು ಮೂವತ್ತೇಳು ವರ್ಷದ ಮೇಲೆ ಮತ್ತೆ ಹಾಕುತ್ತದಂತೆ, ರಮದಾನಿನ ಪ್ರತಿ ಸಂಜೆ ಒಂದು ಕಂತು. ಈ ಧಾರಾವಾಹಿಯ ಯಾವ ದೃಶ್ಯ ದೊಡ್ಡದು ಎಂಬ ಬಗ್ಗೆ ಈ ಕಟ್ಟಡದಲ್ಲಿ ಮೂವತ್ತೇಳು ವರ್ಷದಿಂದ ಜಗಳವಿದೆ. ಕೊಲೆ ನಡೆದಿಲ್ಲ, ಅಷ್ಟೇ. ಬಟ್ಟೆ ಒಣಹಾಕುವ ಹಗ್ಗ ಕತ್ತರಿಸಿದ್ದುಂಟು.

ಈ ಸಲ ಇದನ್ನು ಮುಗಿಸಿಬಿಡೋಣ ಎಂದದ್ದು ತಹಾನಿ ಟೀಚರು. ಐದು ವರ್ಷದ ಹಿಂದೆ ತಂತಾ ಊರಿನಿಂದ ಬಂದು ಎರಡನೇ ಮಹಡಿ ಸೇರಿದವರು, ಶಾಲೆಯಿಂದ ನಿವೃತ್ತರು, ಕೆಂಪು ಶಾಯಿಯ ಪೆನ್ನನ್ನು ಮಾತ್ರ ಬಿಟ್ಟಿಲ್ಲ. ಹತ್ತು ದೃಶ್ಯಗಳ ಪಟ್ಟಿ ಮಾಡಬೇಕು. ಯಾರು ಸೂಚಿಸಿದ ದೃಶ್ಯ ಮೊದಲನೆಯದಾಗುತ್ತದೋ ಅವರ ಮನೆಯಲ್ಲಿ ತಿಂಗಳಿಡೀ ಎಲ್ಲರೂ ಕೂತು ನೋಡಬೇಕು. ಆದರೆ ಮೊದಲು ಕಾಯಿದೆ!

ರಮದಾನಿಗೆ ಇನ್ನೂ ಒಂದು ವಾರವಿರುವಾಗ, ಮಧ್ಯಾಹ್ನ ತಾರಸಿಯ ಮೇಲೆ, ಒಣಗುವ ಬಟ್ಟೆಗಳ ನಡುವೆ, ಚಹಾ ಲೋಟ ಹಿಡಿದು ನಾಲ್ವರು ಕೂತರು. ಟೀಚರು, ಸನಿಯ್ಯಾ, ಅವಳ ಮೇಲಿನ ಮಹಡಿಯ ಇನ್ಶಿರಾ, ನೆಲಮಹಡಿಯ ಮುದುಕಿ ಉಮ್ಮ್ ಗಲಾಲ್. ಇನ್ಶಿರಾ ಹೊಸ ಟಿವಿ ತಂದಿದ್ದಳು, ಬಾಗಿಲಿನಷ್ಟು ದೊಡ್ಡದು. ಸನಿಯ್ಯಾಳ ಟಿವಿ ಬ್ರೆಡ್ ಪೆಟ್ಟಿಗೆಯಷ್ಟು. ಅಂದರೆ ಗೆಲ್ಲದೆ ಗತಿಯಿಲ್ಲ.

“ಒಂದನೇ ಕಾಯಿದೆ,” ಟೀಚರು ಬರೆದರು. “ಯಾರೂ ತಮ್ಮ ದೃಶ್ಯಕ್ಕೆ ತಾವೇ ಓಟು ಹಾಕಬಾರದು.”

“ಎರಡನೇದು ನಾನು ಹೇಳ್ತೀನಿ,” ಎಂದಳು ಸನಿಯ್ಯಾ. “ಓಟು ಹಾಕೋವಾಗ ಅಳಬಾರದು.”

“ಯಾರಿಗೆ ಹೇಳ್ತಿದೀಯೆ?” ಇನ್ಶಿರಾ ಕೇಳಿದಳು. ಆಗಲೇ ಅವಳ ಕಣ್ಣಲ್ಲಿ ನೀರು.

“ನಿಂಗೇ! ನಿನ್ನ ಕಣ್ಣಿನ ನಲ್ಲಿಗೆ ವಾಷರ್ ಇಲ್ಲ. ನೀನು ಶುರು ಮಾಡಿದ್ರೆ ಈ ಅಜ್ಜಿ ಕರಗ್ತಾರೆ, ಓಟು ನಿನ್ನ ಕಡೆ ಹೋಗುತ್ತೆ.”

ಉಮ್ಮ್ ಗಲಾಲ್ ತನ್ನ ದೃಶ್ಯ ಸೂಚಿಸಿದಳು. “ನಂದು ಒಂದನೇ ಕಂತಿನಿಂದ ಹನ್ನೆರಡನೇ ಕಂತಿನವರೆಗೆ.”

“ಅದು ದೃಶ್ಯ ಅಲ್ಲ ಅಜ್ಜಿ, ಅರ್ಧ ಧಾರಾವಾಹಿ!”

“ಎಲ್ಲಾ ಚೆನ್ನಾಗಿತ್ತಲ್ಲ ಮಗಳೇ. ಯಾವುದನ್ನ ಅಂತ ಬಿಡ್ಲಿ?”

ಹಾಗಾಗಿ ಮೂರನೇ ಕಾಯಿದೆ ಹುಟ್ಟಿತು: ಒಂದು ಲೋಟ ಚಹಾ ಕುಡಿದು ಮುಗಿಸುವುದಕ್ಕಿಂತ ಹೆಚ್ಚು ಹೊತ್ತಿನದನ್ನು ದೃಶ್ಯವೆಂದು ಕರೆಯಕೂಡದು. ಉಮ್ಮ್ ಗಲಾಲ್ ಕೂಡಲೇ ಚಹಾವನ್ನು ಹನಿಹನಿಯಾಗಿ ಕುಡಿಯತೊಡಗಿದಳು.

ಆಗ ಸನಿಯ್ಯಾ ಎದ್ದು ನಿಂತಳು. ಇದು ಅವಳು ಮೂರು ದಿನದಿಂದ ಮಸೆದಿಟ್ಟ ಕತ್ತಿ. ಮೂವತ್ತೇಳು ವರ್ಷದ ಹಿಂದೆ ಇಡೀ ಕಟ್ಟಡದಲ್ಲಿ ಟಿವಿ ಇದ್ದದ್ದು ಅವಳ ಮನೆಯಲ್ಲಿ ಮಾತ್ರ!

“ನಾಲ್ಕನೇ ಕಾಯಿದೆ. ಕಣ್ಣಾರೆ ಕಂಡ ದೃಶ್ಯಾನೇ ಸೂಚಿಸ್ಬೇಕು. ಅವರಿವರು ಹೇಳಿದ್ದು, ಕಿವೀಲಿ ಕೇಳಿದ್ದು ನಡೆಯಲ್ಲ.”

“ಆಗ ನಮ್ಮನೇಲಿ ಟಿವಿ ಎಲ್ಲಿತ್ತೆ?” ಇನ್ಶಿರಾ ಕೇಳಿದಳು.

“ಅದು ನಿನ್ನ ಹಣೆಬರಹ.”

“ಏಳನೇ ಕಂತು ನಾನು ನಮ್ಮಮ್ಮನ ಮನೇಲಿ ಕಣ್ಣಾರೆ ನೋಡಿದೀನಿ. ಮದುವೆಮನೇಲಿ ಎಣ್ಣೆ ಜಾಡಿ ಒಡೆಯೋದು. ಅದೇ ನನ್ನ ದೃಶ್ಯ. ಬರ್ಕೊಳ್ಳಿ ಟೀಚರಮ್ಮ.”

“ತಕರಾರು ಬಂದ್ರೆ?” ಟೀಚರು ತಮ್ಮ ಫೋನನ್ನು ಚಾಪೆಯ ನಡುವೆ ಇಟ್ಟರು. “ಯಾರೋ ಪುಣ್ಯಾತ್ಮರು ಮೂವತ್ತೂ ಕಂತನ್ನ ಹಾಕಿದಾರೆ, ಇದ್ರಲ್ಲೇ ಸಿಗುತ್ತೆ. ಐದನೇ ಕಾಯಿದೆ, ಫೋನೇ ನ್ಯಾಯಾಧೀಶ.”

“ಆಗಲಿ!” ಸನಿಯ್ಯಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಎರಡೂ ಕೈ ಎತ್ತಿದಳು.

ಆಮೇಲೆ ಗಂಟಲು ಸರಿಮಾಡಿಕೊಂಡು ತನ್ನ ದೃಶ್ಯ ಹೇಳಿದಳು. ಹತ್ತೊಂಬತ್ತನೇ ಕಂತು. ಮಾಡದ ತಪ್ಪಿಗೆ ಏಳು ವರ್ಷ ಜೈಲಿನಲ್ಲಿದ್ದ ರಾಗಿಬ್ ಮನೆಗೆ ಬರುತ್ತಾನೆ. ಬಾಗಿಲು ತಟ್ಟುವುದಿಲ್ಲ, ಧೈರ್ಯ ಸಾಲದು. ಹೊಸಿಲ ಮೇಲೆ ಕೂರುತ್ತಾನೆ, ಒಂದು ಸಲ ಕೆಮ್ಮುತ್ತಾನೆ. ಒಳಗೆ ಹೆಂಡತಿ ವಗೀದಾ ಒಲೆಯ ಮುಂದೆ. ತಿರುಗಿಯೂ ನೋಡುವುದಿಲ್ಲ. ‘ಕೈ ತೊಳ್ಕೊಂಡು ಬಾ, ಊಟ ಆರ್ತಾ ಇದೆ’ ಅನ್ನುತ್ತಾಳೆ. ಅಷ್ಟೇ.

“ಎರಡನೇ ಕಾಯಿದೆ!” ಟೀಚರು ಎಚ್ಚರಿಸಿದರು. ಉಮ್ಮ್ ಗಲಾಲ್ ಮೂಗೊರೆಸಿಕೊಂಡಳು.

“ಅವಳುಟ್ಟ ಹಸಿರು ಬಟ್ಟೆ ಇನ್ನೂ ನನ್ನ ಕಣ್ಣ ಮುಂದೆ ಇದೆ,” ಎಂದು ಸನಿಯ್ಯಾ ಕೊನೆಯ ಮೊಳೆ ಹೊಡೆದಳು.

“ಆಗ ನಿಮ್ಮದು ಕಪ್ಪು-ಬಿಳುಪು ಟಿವಿ ಅಲ್ವೇನೇ ಮಗಳೇ?” ಎಂದಳು ಉಮ್ಮ್ ಗಲಾಲ್.

ಎಲ್ಲರೂ ಸನಿಯ್ಯಾಳ ಕಡೆ ತಿರುಗಿದರು.

“ಕಡುಬೂದು ಕಂಡ್ರೆ ಹಸಿರು ಅಂತ ಗೊತ್ತಾಗಲ್ವಾ?” ಸನಿಯ್ಯಾ ರೇಗಿದಳು.

ಟೀಚರು ಕನ್ನಡಕ ಒರೆಸಿದರು. “ತಪ್ಪು ತಿಳ್ಕೋಬೇಡಿ ಸನಿಯ್ಯಾ. ನಾನು ತಂತಾದಲ್ಲಿ ಒಂದು ಕಂತೂ ಬಿಡದೆ ನೋಡಿದೀನಿ. ಹತ್ತೊಂಬತ್ತರಲ್ಲಿ ಹೊಸಿಲೂ ಇಲ್ಲ, ಊಟಾನೂ ಇಲ್ಲ.”

“ತಂತಾದಲ್ಲಿ ನೋಡಿದ್ರೆ ಏನ್ ಕಾಣುತ್ತೆ? ಹಾಕಿ ಫೋನು! ಐದನೇ ಕಾಯಿದೆ!”

ಅಂಗೈಯಷ್ಟು ಪರದೆಯ ಮೇಲೆ ನಾಲ್ಕು ತಲೆಗಳು ಬಗ್ಗಿದವು. ರಾಗಿಬ್ ಜೈಲಿನಿಂದ ಹೊರಬಂದ. ತಲೆ ಬಾಚಿಕೊಂಡ. ನೇರವಾಗಿ ಪೋರ್ಟ್ ಸೈದ್ ಪಟ್ಟಣಕ್ಕೆ ಹೋದ. ಅಲ್ಲಿ ಒಬ್ಬಳು ಗುಂಡುಗುಂಡಾದ ಹೆಂಗಸು ಬಾಗಿಲು ತೆರೆದಳು. ಕಾಜಿ ಮದುವೆಯ ಪುಸ್ತಕ ಬಿಡಿಸಿದ. ರಾಗಿಬ್ ಹಲ್ಲು ಬಿಟ್ಟುಕೊಂಡು ಸಹಿ ಹಾಕಿದ.

“ಯಾರದು?” ಉಮ್ಮ್ ಗಲಾಲ್ ಕೇಳಿದಳು.

“ಎರಡನೇ ಹೆಂಡತಿ.”

“ಎರಡನೇ... ಲೇ ನಾಯಿ!” ಮುದುಕಿ ಫೋನಿಗೆ ಬೈದಳು. “ಇವನಿಗೋಸ್ಕರಾನಾ ನಾನು ಮೂವತ್ತೇಳು ವರ್ಷ ಅತ್ತಿದ್ದು?”

“ಇನ್ನೂ ಮುಂದಕ್ಕೆ ಹಾಕಿ, ಬರುತ್ತೆ,” ಎಂದಳು ಸನಿಯ್ಯಾ. ಧ್ವನಿ ಸಣ್ಣಗಾಗಿತ್ತು. ಮುಂದಕ್ಕೆ ಹಾಕಿದರು. ಬರಲಿಲ್ಲ.

“ಹಾಗಾದ್ರೆ ಇಪ್ಪತ್ತೆರಡರಲ್ಲಿ ಇಬ್ಬರೂ ಸೇರಿ ಗಾಣ ಮತ್ತೆ ಶುರು ಮಾಡೋದು?” ಇನ್ಶಿರಾ ಕೇಳಿದಳು.

“ಇಲ್ಲ. ಇಪ್ಪತ್ತೆರಡರಲ್ಲಿ ಗಾಣ ಮಾರ್ತಾನೆ,” ಎಂದರು ಟೀಚರು.

“ಇಪ್ಪತ್ತೈದರಲ್ಲಿ ಅವಳಿ ಮಕ್ಕಳು?”

“ಇಪ್ಪತ್ತೈದರಲ್ಲಿ ಆ ಎರಡನೇಯವಳು ವಿಷ ಹಾಕ್ತಾಳೆ. ರಾಗಿಬ್ ಸಾಯ್ತಾನೆ.”

“ಅಯ್ಯೋ, ನಮ್ಮೆಜಮಾನ್ರು ಅವತ್ತೇ ಅಂದಿದ್ರು!” ಉಮ್ಮ್ ಗಲಾಲ್ ಹಣೆ ಬಡಿದುಕೊಂಡಳು. “ಕಾಫಿ ಅಂಗಡೀಲಿ ನೋಡ್ಕೊಂಡು ಬಂದು, ರಾಗಿಬ್ ಸತ್ತ ಅಂದ್ರು. ಪಗಡೆ ಆಡ್ತಾ ನಿದ್ದೆ ಹೊಡೆದು ಕನಸು ಕಂಡಿದೀರಾ ಅಂತ ನಾನೇ ಉಗಿದು ಕಳ್ಸಿದ್ದೆ.”

ಸನಿಯ್ಯಾಳಿಗೆ ಆಗ ನೆನಪಾಯಿತು. ಆ ರಮದಾನಿನಲ್ಲಿ ತಾನು ಎಲ್ಲಿದ್ದೆ? ಅಡುಗೆಮನೆಯಲ್ಲಿ. ಮೊಳಕೈವರೆಗೆ ಸೋಪು. ಫಿರಂಗಿ ಹಾರಿ ಇಪ್ಪತ್ತು ನಿಮಿಷಕ್ಕೆ ಧಾರಾವಾಹಿ ಶುರು, ಆ ಹೊತ್ತಿಗೆ ಯಾವ ಹೆಂಗಸಿಗೆ ಪಾತ್ರೆ ಮುಗಿದಿರುತ್ತದೆ? ಐದೂ ಮಹಡಿಯ ಅಡುಗೆಮನೆ ಕಿಟಕಿಗಳು ತೆರೆಯುವುದು ಒಂದೇ ಸಂದಿಗೆ, ಬಾವಿಯಂಥ ಆಳದ ಸಂದಿ. ಟ್ರಾಮ್ ಕಂಡಕ್ಟರ್ ಮಹ್ರೂಸ್ ಟಿವಿಯ ಮುಂದೆ ನಿಂತು, ನಿಲ್ದಾಣದ ಹೆಸರು ಕೂಗುವ ಗಂಟಲಲ್ಲಿ ಇಡೀ ಕಥೆಯನ್ನು ಅಡುಗೆಮನೆಯ ಕಡೆಗೆ ಕೂಗುತ್ತಿದ್ದ. ಕಿಟಕಿಯಿಂದ ಅದು ಸಂದಿಗೆ ಇಳಿಯುತ್ತಿತ್ತು. ದುಃಖದ ಘಟ್ಟ ಬಂದರೆ ಐದೂ ಮಹಡಿಯ ನಲ್ಲಿಗಳು ನಿಲ್ಲುತ್ತಿದ್ದವು.

ಮೂವತ್ತೇಳು ವರ್ಷ ಕಣ್ಣಾರೆ ಕಂಡೆ ಎಂದು ಎದೆ ತಟ್ಟಿಕೊಂಡವಳು ಕಂಡದ್ದು ಬರೀ ತಟ್ಟೆ!

ಆ ಮನುಷ್ಯ ಒಂದು ಸುಳ್ಳು ಹೇಳಿ, ಅದನ್ನು ಸಾಕಲು ಇನ್ನೂ ಹನ್ನೊಂದು ದಿನ ತನ್ನದೇ ಧಾರಾವಾಹಿ ನಡೆಸಿದ್ದ. ಎಲ್ಲರೂ ಸೇರಿ ಬರೆಸಿದ್ದ ಹತ್ತು ದೃಶ್ಯಗಳ ಪಟ್ಟಿಯಲ್ಲಿ ಏಳು ಮಹ್ರೂಸನವು. ಟೀಚರು ಕೆಂಪು ಶಾಯಿಯಲ್ಲಿ ಏಳನ್ನೂ ಹೊಡೆದುಹಾಕಿದರು. ಹೊಡೆಯುವಾಗ ಅವರ ಕೈ ಸ್ವಲ್ಪ ತಡೆಯಿತು. ಆದರೆ ಕಾಯಿದೆ ಕಾಯಿದೆಯೇ. ಉಳಿದ ಮೂರರಲ್ಲಿ ಎಣ್ಣೆ ಜಾಡಿಗೆ ಮೊದಲ ಸ್ಥಾನ. ಇನ್ಶಿರಾ ಗೆದ್ದಳು.

“ನಾಲ್ಕನೇದು ನನ್ನ ಬಾಯಿಂದಲೇ ಬಂದಿದ್ದು. ಯಾರನ್ನ ಬಯ್ಯಲಿ?” ಎಂದು ಸನಿಯ್ಯಾ ಲೋಟ ಎತ್ತಿಕೊಂಡು ಕೆಳಗಿಳಿದಳು.

ಬಯ್ಯಲು ಒಬ್ಬನಿದ್ದ. ಆದರೆ ಸತ್ತವನ ಹತ್ತಿರ ಜಗಳ ಆಡಲು ಬರುವುದಿಲ್ಲ. ಎಂಟು ತಿಂಗಳಲ್ಲಿ ಅವಳಿಗೆ ಅದರಷ್ಟು ದೊಡ್ಡ ಕೊರತೆ ಯಾವುದೂ ಅನಿಸಿರಲಿಲ್ಲ. ಆಮೇಲೂ ಮೂವತ್ತಾರು ವರ್ಷ ಪಕ್ಕದಲ್ಲೇ ಮಲಗಿದ್ದ, ಒಂದು ಸಲವಾದರೂ ಹೇಳಬಾರದಿತ್ತೇ? ಅವಳು ಅಡುಗೆಮನೆಯ ಕಿಟಕಿ ಮುಚ್ಚಿ ಚಿಲಕ ಹಾಕಿದಳು.

ಮೇಲಿನಿಂದ ಯಾರೋ ಕೋಲಿನಲ್ಲಿ ಅವಳ ಕಿಟಕಿ ಕುಟ್ಟಿದರು.

“ಲೇ ಸನಿಯ್ಯಾ! ತೆಗಿಯೆ! ಇಲ್ಲಾಂದ್ರೆ ಗಾಜು ಒಡೀತೀನಿ!”

ತೆಗೆದಳು. ಮೇಲಿನ ಕಿಟಕಿಯಲ್ಲಿ ಇನ್ಶಿರಾಳ ತಲೆ, ಕೈಯಲ್ಲಿ ಪೊರಕೆ.

“ಗೆದ್ದಿದ್ದು ಸಾಲದಾ? ಇನ್ನೇನು?”

“ಆ ವರ್ಷ ನನ್ನ ಶೌಕಿ ಎಲ್ಲಿದ್ದ, ಜ್ಞಾಪಕ ಇದೆಯಾ?”

“ಇರಾಕಲ್ಲಿ. ಗಾರೆ ಕೆಲಸಕ್ಕೆ.”

“ಹೋಗಿ ಎರಡು ವರ್ಷ ಆಗಿತ್ತು. ಒಂದೂವರೆ ವರ್ಷದಿಂದ ಕಾಗದ ಇಲ್ಲ. ಅಲ್ಲಿ ಯಾರನ್ನೋ ಕಟ್ಕೊಂಡಿದಾನೆ ಅಂತ ಬೀದಿ ಎಲ್ಲಾ ಮಾತು. ನಾನು ಈ ಕಿಟಕೀಲಿ ಕಿವಿ ಇಟ್ಕೊಂಡು ನಿಂತಿರ್ತೀನಿ ಅಂತ ನಿನ್ನ ಗಂಡಂಗೆ ಗೊತ್ತಿತ್ತು. ರಾಗಿಬ್ ಇನ್ನೊಬ್ಬಳನ್ನ ಮದುವೆ ಆದ ಅಂತ ಹೇಗೆ ಕೂಗ್ತಾನೆ ಹೇಳು?”

ಸನಿಯ್ಯಾ ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿದಳು.

“ಮಾರನೇ ವರ್ಷ ಶೌಕಿ ಬಂದ. ಬಾಗಿಲಲ್ಲಿ ನಿಂತು ಕೆಮ್ಮಿದ. ಬೈಗುಳ ಎಷ್ಟೊಂದು ಜೋಡಿಸಿಟ್ಟಿದ್ದೆ, ಒಂದೂ ಬರ್ಲಿಲ್ಲ. ‘ಕೈ ತೊಳ್ಕೊಂಡು ಬಾ, ಊಟ ಆರ್ತಾ ಇದೆ’ ಅಂದೆ.”

“ಇಷ್ಟು ವರ್ಷ ನಂಗೆ ಹೇಳ್ಲಿಲ್ಲ?”

“ಧಾರಾವಾಹಿಯಿಂದ ಕದ್ದ ಮಾತು ಅಂತ ನಾಚಿಕೆ ಇರಲ್ವಾ? ಅದನ್ನ ಪಟ್ಟಿಗೂ ಹಾಕ್ಲಿಲ್ಲ. ಅದಕ್ಕೆ ಓಟು ಹಾಕೋದು ಹೇಗೆ?”

ಸಂದಿಯಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಸನಿಯ್ಯಾ ಮೂಗೆಳೆದುಕೊಂಡಳು.

“ತೊಳ್ಕೊಂಡ್ನಾ?”

“ಏನು?”

“ಕೈ.”

“ಎಲ್ಲಿ! ಹಾಗೇ ಕೂತು ತಿಂದ. ಇವತ್ತಿಗೂ ಹಾಗೇ ತಿಂತಾನೆ, ಹಂದಿ.”

ಸನಿಯ್ಯಾ ನಕ್ಕಳು. ಎಂಟು ತಿಂಗಳಲ್ಲಿ ಮೊದಲ ಸಲ, ಅದೂ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು.

“ಹಾಗಾದ್ರೆ ಕಾಯಿದೆ ತೆಗೆಯೋಣ್ವಾ?” ಎಂದು ಆಸೆಯಿಂದ ಕೇಳಿದಳು.

“ಆಹಾ! ಗೆದ್ದಿದ್ದು ನಾನು, ಮೂವತ್ತು ದಿನಾನೂ ನಮ್ಮನೇಲೇ. ಟಿವಿ ಹೊತ್ತಿಗೆ ಬಂದು ಟಿವಿ ಹೊತ್ತಿಗೆ ಎದ್ದು ಹೋಗೋದೆಲ್ಲ ನಡೆಯಲ್ಲ. ಫಿರಂಗಿಗೆ ಮುಂಚೆ ಬಾ. ಉಪವಾಸ ನಮ್ಮನೇಲೇ ಬಿಡು.” ಕಿಟಕಿ ಧಡ್ ಎಂದು ಮುಚ್ಚಿತು.

ಮೊದಲನೇ ಸಂಜೆ ಇನ್ಶಿರಾಳ ಮನೆಯಲ್ಲಿ ಹದಿನಾಲ್ಕು ಜನ. ಬೇಳೆ ಸಾರು, ಶಾವಿಗೆ ಅನ್ನ, ಕರಿದ ಮೀನು. ಬಾಗಿಲಿನಷ್ಟು ದೊಡ್ಡ ಟಿವಿಯಲ್ಲಿ ರಾಗಿಬ್ ಬಂದ, ಎಳ್ಳಿನ ಬೆಲೆಯ ಮೇಲೆ ಭಾಷಣ ಶುರು ಮಾಡಿದ. ಅವನ ಮೂಗು ಕಂಡದ್ದೇ ತಡ, ಉಮ್ಮ್ ಗಲಾಲ್ ಮುಖ ತಿರುಗಿಸಿದಳು.

“ಈ ನಾಯಿ ಮುಖ ನನ್ನ ಕೈಲಿ ನೋಡೋಕಾಗಲ್ಲ. ಪಾತ್ರೆನಾದ್ರೂ ತೊಳೀತೀನಿ.”

ಅವಳ ಹಿಂದೆ ಇನ್ಶಿರಾ ಎದ್ದಳು, ಟೀಚರೂ ಎದ್ದರು. ಟಿವಿಯ ಮುಂದೆ ಸನಿಯ್ಯಾ ಉಳಿದಳು. ಅಡುಗೆಮನೆಯಿಂದ ತಟ್ಟೆಗಳ ಸದ್ದು. ಅದರ ನಡುವೆ ಉಮ್ಮ್ ಗಲಾಲಳ ಕೂಗು:

“ಏನಾಯ್ತೇ ಸನಿಯ್ಯಾ?”

ಸನಿಯ್ಯಾ ಟಿವಿಯ ಸದ್ದು ಪೂರ್ತಿ ನಿಲ್ಲಿಸಿದಳು. ಎದ್ದು ನಿಂತಳು. ಉಸಿರು ಎಳೆದುಕೊಂಡಳು. ಪರದೆಯಲ್ಲಿ ರಾಗಿಬ್ ಇನ್ನೂ ಎಳ್ಳು ಅಳೆಯುತ್ತಿದ್ದ. ಸನಿಯ್ಯಾ ಗಾಣಕ್ಕೆ ಬೆಂಕಿ ಹಚ್ಚಿದಳು! ಬಂದರಿನಲ್ಲಿ ಎಣ್ಣೆ ಹಡಗು ಮುಳುಗಿಸಿದಳು. ವಗೀದಾಳನ್ನು ಕಳ್ಳರು ಹೊತ್ತೊಯ್ದರು, ರಾಗಿಬ್ ಈಜಿ ಬಿಡಿಸಿದ. ರಾಗಿಬ್‌ನ ತಾಯಿ ಕೊನೆಯುಸಿರೆಳೆದಳು, ಕಣ್ಣು ಬಿಟ್ಟಳು, ಮಗನನ್ನು ಹರಸಿ ಮತ್ತೊಮ್ಮೆ ಕೊನೆಯುಸಿರೆಳೆದಳು. ಸನಿಯ್ಯಾಳ ಗಂಟಲು ಹರಿದುಹೋಗುವ ಹಾಗಾಯಿತು. ಆದರೆ ಅಡುಗೆಮನೆಯಲ್ಲಿ ನಲ್ಲಿ ನಿಂತಿತ್ತು. ತಟ್ಟೆಯ ಸದ್ದೂ ಇಲ್ಲ. ಗೆದ್ದೆ ಎಂದುಕೊಂಡು ಅವಳು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಹಣೆ ಒರೆಸಿಕೊಂಡಳು.

ಇನ್ಶಿರಾ ಬಾಗಿಲಿಗೆ ಬಂದು ನಿಂತಳು, ಮೊಳಕೈವರೆಗೂ ಸೋಪು. ಅವಳ ಹಿಂದಿನಿಂದ ಉಮ್ಮ್ ಗಲಾಲ್ ಇಣುಕಿದಳು. ಇಬ್ಬರ ಮುಖದಲ್ಲೂ ಕನಿಕರ.

“ಮೊದಲನೇ ದಿನಾನೇ ಆ ತಾಯೀನ ಎರಡು ಸಲ ಸಾಯಿಸಿದ್ಯಲ್ಲೇ! ಮಹ್ರೂಸ್ ಆಗಿದ್ರೆ ಅವಳನ್ನ ಬರೀ ಕೆಮ್ಮಿಸಿಕೊಂಡು ಹಬ್ಬದ ಹಿಂದಿನ ದಿನದವರೆಗೂ ಎಳೀತಿದ್ದ,” ಎಂದಳು ಇನ್ಶಿರಾ. “ನಾಳೆ ಸ್ವಲ್ಪ ತಯಾರಾಗಿ ಬಾ.”