ಮೂತಿ ನೋಡದೆ ತರಿಸಿದ ಅಚ್ಚು

"ಈ ಸಲ ಬೆಳ್ಳಿ ಕಪ್ ನಮ್ಮನೆಗೇ ಬತ್ತದೆ, ಗೋಡೆಗೂಡು ಖಾಲಿ ಮಾಡ್ಬುಡು!" ಎಂದು ಕೊರಟಗೆರೆಯ ಸರ್ವೆಯರ್ ನಾಗಲಿಂಗಯ್ಯ ಸಾರಿದ. ಹೆಂಡತಿ ಸಣ್ಣಕ್ಕ ಹುಣಸೆಹಣ್ಣು ಕಿವುಚುತ್ತಿದ್ದಳು. ಕೈ ನಿಲ್ಲಲಿಲ್ಲ.

ಮಧುಗಿರಿ ಬೆಟ್ಟದ ಬುಡದಲ್ಲಿ ವರ್ಷಕ್ಕೊಮ್ಮೆ ನಡೆಯುವ ರೈಫಲ್ ಪಂದ್ಯದಲ್ಲಿ ನಾಗಲಿಂಗಯ್ಯ ಆರು ವರ್ಷದಿಂದ ಗುರಿಹಲಗೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಹೊಡೆದಿದ್ದ. ಕಪ್ ಮೇಲೆ ಅವನಿಗೆ ಅಂಥ ಮೋಹವೇನೂ ಇರಲಿಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ಸಣ್ಣಕ್ಕನ ಬಾಯಿಂದ ಒಂದು "ಭಲೇ" ಬಂದಿರಲಿಲ್ಲ. ಅದೊಂದು ಮಾತಿಗೆ ಅವನ ಜೀವ ಹಂಬಲಿಸುತ್ತಿತ್ತು.

ತಪ್ಪು ಗುರಿಯದಲ್ಲ, ಅಂಗಡಿಯಲ್ಲಿ ಕೊಂಡ ತೋಟಾದ್ದು ಎಂದು ತೀರ್ಮಾನವಾಯಿತು. ತೋಟಾ ತಾನೇ ತುಂಬಬೇಕು! ಬೊಂಬಾಯಿಗೆ ಬರೆದು ಡೈ ತರಿಸಿದ. ಡೈ ಎಂದರೆ ತೋಟಾದ ಹಿತ್ತಾಳೆ ಕೊಳವೆಯ ಬಾಯಿಗೆ ಗುಂಡನ್ನು ಕೂರಿಸುವ ಉಕ್ಕಿನ ಅಚ್ಚು. ಅದರೊಳಗೊಂದು ಸ್ಟೆಮ್ಮು, ಅಂದರೆ ಗುಂಡಿನ ಮೂತಿ ಹಿಡಿದು ಒತ್ತುವ ಕಡ್ಡಿ. ದುಂಡು ಮೂತಿಗೊಂದು ಸ್ಟೆಮ್ಮು, ಚೂಪು ಮೂತಿಗೊಂದು. ನಾಗಲಿಂಗಯ್ಯನ ಡಬ್ಬಿಯಲ್ಲಿದ್ದವು ಇಪ್ಪತ್ತು ದುಂಡು ಮೂತಿಯ ಗುಂಡುಗಳು. ಕ್ಯಾಟಲಾಗಿನ ಚಿತ್ರದಲ್ಲಿದ್ದದ್ದು ಸಂಪಿಗೆ ಮೊಗ್ಗಿನಂಥ ಚೂಪು ಮೂತಿಯದು. ಅದನ್ನು ನೋಡುತ್ತ ನೋಡುತ್ತ ಮನಸೋತು ಚೂಪಿನ ಸ್ಟೆಮ್ಮೇ ಬೇಕೆಂದು ಬರೆದುಬಿಟ್ಟಿದ್ದ!

ಸಣ್ಣಕ್ಕ ಕಡ್ಡಿಯ ತುದಿಯ ಕುಳಿಗೆ ಗುಂಡು ಹಿಡಿದು ನೋಡಿದಳು. "ಕೂರಾಕಿಲ್ಲ ಕಣ್ರೀ. ಮೂತಿ ದಪ್ಪ, ಕುಳಿ ಸಣ್ದು."

"ಚೂಪಿನ ಗುಂಡು ಮುಂದೆ ತರುಸ್ತೀನಿ ಕಣೇ."

"ಮುಂದೆ ಬರೋ ಕಾಲಿಗೆ ಯಾರಾದ್ರೂ ಇವತ್ತೇ ಮೆಟ್ಟು ಹೊಲುಸ್ತಾರಾ?"

"ಊರೋರ ಹೊಲಾನೆಲ್ಲ ಗೇಣುಗೇಣು ಅಳೆಯೋನು ನಾನು! ನಂಗೇ ಅಳತೆ ಹೇಳ್ಕೊಡ್ತೀಯಾ?"

ಒತ್ತಿದ. ಒಂದು ಗುಂಡು ವಾರೆಯಾಗಿ ಕೂತಿತು, ಇನ್ನೊಂದು ಮೇಲೇ ಉಳಿಯಿತು, ಮೂರನೆಯದರ ಮೂತಿ ಜಜ್ಜಿಹೋಯಿತು. "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಲೇ ಇಪ್ಪತ್ತನ್ನೂ ಮುಗಿಸಿದ.

ಪಂದ್ಯದ ದಿನ ತೀರ್ಪುಗಾರ ಬೈರಪ್ಪ ತೋಟಾಗಳನ್ನು ಸಾಲಾಗಿ ನಿಲ್ಲಿಸಿ ನೋಡಿದ. "ಏನ್ ಸಾಮಿ ಇವು? ಸೊಟ್ಟ ಮುದುಕ್ರ ಮೆರವಣಿಗೆ ಇದ್ದಂಗೈತೆ! ಇವನ್ನ ಬಂದೂಕಿಗೆ ಹಾಕಿದ್ರೆ ಮನೆಗೆ ಕಪ್ ಇರಲಿ, ನೀವೇ ಹೋಗಾಕಿಲ್ಲ!" ಎಂದು ಹೊರಗೆ ಕಳಿಸಿದ. ನಾಗಲಿಂಗಯ್ಯ ಒಂದು ಗುಂಡೂ ಹಾರಿಸದೆ ಬಸ್ಸು ಹತ್ತಿದ.

ಮನೆಗೆ ಬಂದವನೇ ಜಗಲಿಯ ಮೇಲೆ ಕುಸಿದ. "ನಗು, ನಕ್ಕುಬುಡು."

ಸಣ್ಣಕ್ಕ ನಗಲಿಲ್ಲ. ಒಳಗಿನಿಂದ ತಗಡಿನ ಪೆಟ್ಟಿಗೆ ತಂದು ಮುಚ್ಚಳ ತೆಗೆದಳು. ತುಂಬ ಗಾಜಿನ ಬಳೆ! ಶಿರಾ, ಪಾವಗಡ ಎಂದು ಸರ್ವೆಗೆ ಹೋದಲ್ಲೆಲ್ಲ ಅವನೇ ಆಸೆಪಟ್ಟು ತಂದವು. ಸುತ್ತಿದ ಕಾಗದ ಹಾಗೇ ಇತ್ತು.

"ಒಂದೂ ನಂಗಾಗಾಕಿಲ್ಲ ಕಣ್ರೀ. ನೀವು ತರೋದೆಲ್ಲ ಮದ್ವೆ ದಿನದ ಕೈಗೆ. ಈ ಕೈನ ನೀವು ನೋಡೇ ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕಣ್ಣಿಗೆ ನಾನಿನ್ನೂ ಅದೇ ಹುಡುಗಿ ಅಂತ ಒಳಗೊಳಗೇ ಖುಸಿ. ಆದ್ರೂ ನೀವು ತಂದ ಬಳೇನ ಒಂದಿನ ತೊಟ್ಕೊಂಡು ಓಡಾಡ್ಬೇಕು ಅನ್ನೋ ಆಸೆ ಸತ್ತಿಲ್ಲ."

ನಾಗಲಿಂಗಯ್ಯ ಬಳೆಗಳನ್ನೂ ಅವಳ ಕೈಯನ್ನೂ ನೋಡಿದ. ಹದಿನಾರು ವರ್ಷ! ತಟ್ಟನೆ ಎದ್ದು, ಪಂಚೆಯ ಅಂಚಿನಿಂದ ದಾರ ಕಿತ್ತು, ಅವಳ ಮಣಿಕಟ್ಟಿಗೆ ಸುತ್ತಿ ಅಳತೆ ಹಿಡಿದ. "ನಾಳೇನೇ ಶಿರಾಕ್ಕೋಗಿ ತತ್ತೀನಿ. ಕೂದಲೆಳೆ ಹೆಚ್ಚುಕಮ್ಮಿ ಆದ್ರೆ ಕೇಳು!"

ಸಣ್ಣಕ್ಕ ಕಣ್ಣೊರೆಸಿಕೊಂಡಳು. ದಾರವನ್ನು ಮೆಲ್ಲಗೆ ಬಿಡಿಸಿ, ಮಡಿಸಿದ ಕೈಯ ಗೆಣ್ಣುಗಳ ಮೇಲೆ ಸುತ್ತಿದಳು.

"ಬಳೆ ನುಗ್ಗಬೇಕಾದ್ದು ಇಲ್ಲಿ ಕಣ್ರೀ, ಸರ್ವೆಯರ್ ಸಾಹೇಬ್ರೇ!"