ಕಾರು ಮಡಿಯಲ್ಲಿದ್ದ ಮೂರು ದಿನ

ನಮ್ಮನೆಯಲ್ಲಿ ಇದೊಂದು ವಿಚಿತ್ರ. ಯಜಮಾನರು ಊರಲ್ಲಿದ್ದಷ್ಟು ದಿನ ಏನೂ ಆಗಲ್ಲ. ಅವರು ಊರು ಬಿಟ್ಟರೆ ಸಾಕು, ಅವತ್ತೇ ಗ್ಯಾಸ್ ಮುಗಿಯುತ್ತೆ, ಅವತ್ತೇ ನೀರಿನ ಮೋಟರ್ ಸುಟ್ಟುಹೋಗುತ್ತೆ. ಈ ಸಲ ಕಾರಿನ ಸರದಿ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಶಿವಮೊಗ್ಗದ ವಿನೋಬನಗರದಿಂದ ಹದಿನಾರು ವರ್ಷ ಬಸ್ಸಲ್ಲಿ ನೇತಾಡಿಕೊಂಡು ಹೋದವಳು ನಲವತ್ತೈದಕ್ಕೆ ಡ್ರೈವಿಂಗ್ ಕಲಿತು, ಜಗಳ ಆಡಿ ಕಾರಿನ ಕೀ ಗಿಟ್ಟಿಸಿಕೊಂಡಿದ್ದೆ. ಕೊಡುವಾಗಲೇ ಯಜಮಾನರು ಷರತ್ತು ಹಾಕಿದ್ದರು.

"ಒಂದೇ ಒಂದು ಗೀರು ಬಿದ್ರೂ ಕೀ ವಾಪಸ್. ಆಮೇಲೆ ನಿಂಗೆ ಬಸ್ಸೇ ಗತಿ."

೧. ಕಂಬ

ಅವರು ಟ್ರೇನಿಂಗ್ ಅಂತ ಮೈಸೂರಿಗೆ ಹೋದ ಮಾರನೇ ದಿನ, ಗುರುವಾರ ಬೆಳಿಗ್ಗೆ, ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ 'ಕರ್ರ್' ಅಂತ ಉಜ್ಜಿತು. ಇಳಿದು ನೋಡಿದರೆ ಎಡಗಡೆ ಮುಂದಿನ ಬಾಗಿಲಲ್ಲಿ ಒಂದು ಮೊಳದ ಗೀರು. ನನಗೆ ಅಳುವೇ ಬಂದುಬಿಟ್ಟಿತು. ಕಣ್ಣೆದುರು ಬಂದದ್ದು ಗೀರಲ್ಲ, ಬೆಳಗಿನ ಎಂಟು ಗಂಟೆಯ ಬಸ್ಸು.

ಸದ್ದು ಕೇಳಿ ಅತ್ತೆ ಹೊರಗೆ ಬಂದರು. ಎಪ್ಪತ್ತೆಂಟು ವಯಸ್ಸು, ಗಟ್ಟಿ ಮಡಿ ಹೆಂಗಸು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಗೀರಿನ ಮೇಲೆ ಬೆರಳು ಆಡಿಸಿ, "ಅವನು ಯಾವತ್ತು ಬರೋದು?" ಅಂದರು.

"ಭಾನುವಾರ ಸಂಜೆ."

"ಹಂಗಾದ್ರೆ ಸಾಕಷ್ಟು ಟೈಮಿದೆ. ಗ್ಯಾರೇಜಿಗೆ ಹೋಗ್ಬೇಡ, ಶಿವಮೊಗ್ಗದಲ್ಲಿ ಎಲ್ಲರೂ ಅವನಿಗೆ ಗುರ್ತು. ಭದ್ರಾವತಿಯಲ್ಲಿ ಸ್ಪ್ರೇ ಡಬ್ಬಿ ತಗೊಂಡ್ಬಾ. ಬಾಗಿಲ ಸಂದೀಲಿ ಒಂದು ಚೀಟಿ ಅಂಟಿಸಿರ್ತಾರೆ, ಅದರಲ್ಲಿ ಬಣ್ಣದ ನಂಬರ್ ಇರುತ್ತೆ. ಬರ್ಕೊಂಡು ಹೋಗು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮೊಬೈಲಲ್ಲಿ ಫೋನ್ ಕಟ್ ಮಾಡೋದು ಹೇಗೆ ಅಂತ ಈಗಲೂ ನನ್ನನ್ನೇ ಕೇಳುವ ಹೆಂಗಸು!

೨. ಡಾಕ್ಟರು

ಭದ್ರಾವತಿಯ ಪೇಂಟ್ ಅಂಗಡಿಯವರು ತಮಿಳಿನವರು, ಕಾರ್ಖಾನೆಯಲ್ಲಿ ಬಣ್ಣ ಹೊಡೆದು ರಿಟೈರ್ ಆದವರು. ಕಾರನ್ನು ದೂರದಿಂದಲೇ ನೋಡಿ, "ಗೇಟ್ ಕಂಬ. ರಿವರ್ಸಲ್ಲಿ. ಸರಿ ತಾನೇಮ್ಮಾ?" ಅಂದರು.

"ಹೇಗೆ ಗೊತ್ತಾಯ್ತು?"

"ಹಸು ಆದ್ರೆ ತಗಡು ಒಳಗೆ ಹೋಗ್ತದೆ. ಬೈಕ್ ಆದ್ರೆ ಅದರ ಬಣ್ಣ ಅಂಟಿರ್ತದೆ. ಇಲ್ಲಿ ಸುಣ್ಣ ಅಂಟಿದೆ."

ನಾಡಿ ಹಿಡಿಯದೆ ಕಾಯಿಲೆ ಹೇಳುವ ಇಂಥವರಿಗೆ ಕೈ ಮುಗಿಯಬೇಕು. ಅಡಿಗೆ ಹೊಡೆಯೋ ಬೂದು ಪ್ರೈಮರ್, ನಂಬರ್ ಪ್ರಕಾರ ಸಿಲ್ವರ್ ಬಣ್ಣ, ಮೇಲೆ ಹೊಳಪಿಗೆ ಲ್ಯಾಕರ್, ಉಜ್ಜೋಕೆ ಎಮರಿ ಪೇಪರ್, ಎಲ್ಲ ಕಟ್ಟಿಕೊಟ್ಟರು. ಹೊರಡುವಾಗ ಗಂಭೀರವಾಗಿ ಕರೆದು ಹೇಳಿದರು: "ಕಂಬಕ್ಕೂ ಸುಣ್ಣ ಬಳೀರಮ್ಮಾ. ಕಾರಿನ ಬಣ್ಣ ಅಲ್ಲಿ ಕೂತಿರ್ತದೆ. ಎಷ್ಟೋ ಜನ ಸಿಕ್ಕಿಬೀಳೋದು ಅಲ್ಲೇ."

೩. ಹೊಸ ಜಾತಿ ಗಿಡ

ಶುಕ್ರವಾರ ಸಂಜೆ ನೀರು ಹಾಕಿ ಹಾಕಿ ಉಜ್ಜಿ, ಪ್ರೈಮರ್ ಹೊಡೆದದ್ದಾಯಿತು. ಶನಿವಾರ ಮಧ್ಯಾಹ್ನ ಬಣ್ಣ. ಅತ್ತೆ ನನ್ನ ಕೈಲಿ ಗೀರಿನ ಸುತ್ತ ಪೇಪರ್ ಅಂಟಿಸಿದರು, ಒಳಗಿನ ಗುಂಡು ಗಲಗಲ ಅನ್ನೋವರೆಗೆ ಡಬ್ಬಿ ಅಲ್ಲಾಡಿಸೋಕೆ ಹೇಳಿದರು. ಮೊದಲು ಹಳೇ ಎಣ್ಣೆ ಡಬ್ಬದ ಮೇಲೆ ಹೊಡೆದು ನೋಡು ಅಂದರು. ನಾನು ಹತ್ತಿರ ಹಿಡಿದು ಒತ್ತಿದೆ. ಬಣ್ಣ ಗೆರೆಗೆರೆಯಾಗಿ ಸೋರಿತು.

"ಅಯ್ಯೋ ಮಾರಾಯ್ತಿ, ಅಭಿಷೇಕ ಮಾಡ್ತಿದೀಯಾ? ಒಂದು ಗೇಣು ದೂರ ಹಿಡಿ. ತೆಳ್ಳಗೆ ಹೊಡಿ, ಒಣಗಲಿ, ಮತ್ತೆ ಹೊಡಿ."

ಹಾಗೇ ಮಾಡಿದೆ. ನಿಜ ಹೇಳ್ತೀನಿ, ಮೂರನೇ ಸಲ ಹೊಡೆಯುವಷ್ಟರಲ್ಲಿ ಗೀರು ಎಲ್ಲಿತ್ತು ಅಂತ ನನಗೇ ಗೊತ್ತಾಗಲಿಲ್ಲ. ಖುಷಿಗೆ ಅತ್ತೆಯನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಮಡಿ ಅಂತ ಬಿಟ್ಟೆ.

ಆದರೆ ಗಾಳಿಗೆ ಪಕ್ಕದ ಕುಂಡದ ಕ್ರೋಟನ್ ಗಿಡದ ಅರ್ಧ ಎಲೆ ಬೆಳ್ಳಿಯಾಗಿ ಹೋಗಿತ್ತು. ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿ, "ಅಯ್ಯೋ, ಎಷ್ಟು ಚಂದ! ಇದ್ಯಾವ ಜಾತಿ? ನಂಗೂ ಒಂದು ಕಡ್ಡಿ ಕೊಡಿ" ಅಂದರು.

ಅತ್ತೆ ಒಂದು ಚೂರೂ ನಗದೆ ಮುರಿದುಕೊಟ್ಟರು. "ತಗೊಳ್ಳಿ. ಹೊಸ ಚಿಗುರು ಮಾತ್ರ ಹಸಿರೇ ಬರುತ್ತೆ, ಬೇಜಾರು ಮಾಡ್ಕೋಬೇಡಿ."

೪. ಕಾವಲು

ಲ್ಯಾಕರ್ ಹೊಡೆದ ಮೇಲೆ ಯಾರೂ ಮುಟ್ಟದ ಹಾಗೆ ಕಾಯಬೇಕಿತ್ತು. ಹಸಿ ಬಣ್ಣ ಕಂಡರೆ ಬೆರಳಿಟ್ಟು ನೋಡದ ಮನುಷ್ಯ ಇನ್ನೂ ಹುಟ್ಟಿಲ್ಲ. ಅತ್ತೆ ಕುರ್ಚಿ ಹಾಕಿಕೊಂಡು ಕೂತರು. ಮುಟ್ಟಿಸಿಕೊಳ್ಳದೆ ಅರವತ್ತು ವರ್ಷ ಕಳೆದವರಿಗಿಂತ ಒಳ್ಳೇ ಕಾವಲು ಎಲ್ಲಿ ಸಿಗಬೇಕು?

ಕೊರಿಯರ್‌ನವನು ಬಂದು ಬಾಗಿಲಿನ ಕಡೆ ಕೈ ಚಾಚಿದ. "ಮುಟ್ಬೇಡಪ್ಪಾ, ಮಡಿ!"

"ಕಾರಿಗೂ ಮಡೀನಾ ಅಜ್ಜಿ?"

"ಒಣಗೋವರೆಗೂ."

ಪಾಪ, ಅವನು ಚಪ್ಪಲಿ ಗೇಟಿನ ಹೊರಗೆ ಬಿಟ್ಟು ಬಂದು ಸಹಿ ಹಾಕಿಸಿಕೊಂಡ.

ಸಂಜೆ ನೋಡ್ತೀನಿ, ಬಾಗಿಲಿನ ಹಿಡಿ ಕೆಳಗೆ ಅಚ್ಚುಕಟ್ಟಾದ ಒಂದು ಹೆಬ್ಬೆಟ್ಟಿನ ಗುರುತು! ಅತ್ತೆ ಆಕಾಶ ನೋಡುತ್ತಾ ಕೈಯನ್ನು ಸೆರಗಿನೊಳಗೆ ಸೇರಿಸಿದರು.

"ಒಣಗಿದ್ಯಾ ಅಂತ ನೋಡ್ದೆ ಕಣೇ."

೫. ಪೆಟ್ಟಿಗೆ

ಭಾನುವಾರ ಸಂಜೆ ಯಜಮಾನರು ಬಂದರು. ಬ್ಯಾಗ್ ಇಳಿಸುವ ಮೊದಲೇ ಕಾರಿಗೆ ಒಂದು ಪ್ರದಕ್ಷಿಣೆ. ಕಂಬ ದಾಟಿದರು, ಸುಣ್ಣ ಬಳಿದಿತ್ತು. ಬಾಗಿಲು ದಾಟಿದರು, ನನಗೆ ಉಸಿರು ಬಂತು. ಅಷ್ಟರಲ್ಲಿ ತಿರುಗಿ ಬಂದು ಹಿಡಿ ಕೆಳಗೆ ಬಗ್ಗಿದರು.

"ಇದೇನಿದು ಹೆಬ್ಬೆಟ್ಟು? ಬಣ್ಣ ಹೊಡೆದಿದೀರಾ?" ಅಂದವರೇ ನನ್ನ ಮುಂದೆ ಕೈ ಚಾಚಿದರು. "ಕೊಡು ಕೀ."

ಕೀ ತೆಗೆದು ಅವರ ಅಂಗೈಯಲ್ಲಿಟ್ಟೆ. ನಾಳೆ ಎಂಟು ಗಂಟೆಗೆ ಮತ್ತೆ ಆ ಬಸ್ಸು.

"ಸ್ವಲ್ಪ ಇರು," ಅಂದರು ಅತ್ತೆ ಮಗನಿಗೆ. "ಹಾಗೇ ಬಲಗಡೆ ಹಿಂದಿನ ಬಾಗಿಲ ಹಿಡಿ ಕೆಳಗೂ ಬಗ್ಗಿ ನೋಡು. ಅಲ್ಲೂ ನಂದೊಂದು ಹೆಬ್ಬೆಟ್ಟಿದೆ."

ಯಜಮಾನರ ಮುಖ ಪ್ರೈಮರ್ ಹೊಡೆದ ಹಾಗಾಯಿತು.

"ಅಮ್ಮಾ, ಹೇಳಲ್ಲ ಅಂತ ಮಾತು ಕೊಟ್ಟಿದ್ಯಲ್ಲ!"

"ಹೇಳಿಲ್ವಲ್ಲೋ. ನೋಡು ಅಂದೆ ಅಷ್ಟೇ."

ಹೋದ ವರ್ಷ ನಾನು ತವರಿಗೆ ಹೋಗಿದ್ದಾಗ ರಿವರ್ಸಲ್ಲಿ ಒಳಗೆ ತರುವಾಗ ಇವರೂ ಅದೇ ಕಂಬಕ್ಕೆ ಉಜ್ಜಿದ್ದರಂತೆ. ಚೀಟಿಯ ನಂಬರ್, ಎಣ್ಣೆ ಡಬ್ಬ, ಒಂದು ಗೇಣಿನ ಲೆಕ್ಕ, ಅತ್ತೆಯ ವಿದ್ಯೆಯೆಲ್ಲ ಆಗ ಕಲಿತದ್ದು! ಕೀ ತಾನಾಗಿಯೇ ನನ್ನ ಕೈಗೆ ವಾಪಸ್ ಬಂತು.

ಅತ್ತೆ ಒಳಗೆ ಹೋಗಿ, ನಾವ್ಯಾರೂ ಮುಟ್ಟಬಾರದ ತಮ್ಮ ಮಡಿಬಟ್ಟೆ ಪೆಟ್ಟಿಗೆ ತೆಗೆದರು. ಸೀರೆಯ ಅಡಿಯಲ್ಲಿ ಒಂದು ಅರ್ಧ ಖಾಲಿಯಾದ ಸಿಲ್ವರ್ ಡಬ್ಬಿ. ಅದರ ಪಕ್ಕ ನಮ್ಮದನ್ನೂ ಇಟ್ಟು, ಮುಚ್ಚಳ ಹಾಕುತ್ತಾ ಇಬ್ಬರಿಗೂ ಹೇಳಿದರು:

"ಮುಂದಿನ ಸಲ ಉಜ್ಜಿದಾಗ ಹೊಸದು ತರಬೇಡಿ, ನನ್ನ ಹತ್ರ ಬಂದು ಕೇಳಿ. ಸೀರೆ ಇಡೋಕೆ ಜಾಗ ಇಲ್ಲ."