ನನ್ನ ಸುಕ್ಕಿಗೆ ಕೆಂಪು ಬೆಳಕು

ಬಳ್ಳಾರಿಯಲ್ಲಿ ಮುಖ ಕೆಂಪಾಗಬೇಕೆಂದರೆ ದುಡ್ಡು ಕೊಡಬೇಕಾಗಿರಲಿಲ್ಲ. ಅದಿರಿನ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಎಂಬಂತೆ ಓಡುತ್ತಿದ್ದ ಆ ವರ್ಷಗಳಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಸಾಕಿತ್ತು, ಇಳಿಯುವಷ್ಟರಲ್ಲಿ ಮುಖಕ್ಕೆ ಬಣ್ಣ ಬಂದಿರುತ್ತಿತ್ತು. ತಂತಿಗೆ ಹಾಕಿದ ಬಿಳಿ ಪಂಚೆ ಒಣಗುವ ಹೊತ್ತಿಗೆ ಕಾವಿಯಾಗುತ್ತಿತ್ತು. ರಸ್ತೆ ಬದಿಯ ಬೇವಿನ ಮರ ಕೆಂಪು, ಅದರ ಕೆಳಗೆ ಕಟ್ಟಿದ ಎಮ್ಮೆ ಕೆಂಪು, ಎಮ್ಮೆ ಕಾಯುವವನ ಮೀಸೆಯೂ ಕೆಂಪು. ಇಂಥ ಊರಿನಲ್ಲಿ, ಇದ್ದ ಕೆಂಪನ್ನು ತೊಳೆದುಕೊಳ್ಳಲು ನೀರು ಸಾಲದೆ ಜನ ಒದ್ದಾಡುತ್ತಿರುವಾಗ, ನನ್ನ ಮೊಮ್ಮಗಳು ರೇಷ್ಮಾ ಮುಖದ ಮೇಲೆ ಕೆಂಪು ಬೆಳಕು ಬಿಡುವ ಮಿಷನ್ನು ತಂದು ಕೂತಳು. ಅವಳ ಧೈರ್ಯಕ್ಕೆ ಮೆಚ್ಚಬೇಕು. ಆದರೆ ಮೆಚ್ಚುವ ವಿಷಯದಲ್ಲಿ ನನ್ನ ಮಾತನ್ನು ನೀವು ಪೂರ್ತಿ ನಂಬಬೇಡಿ. ಆ ಹುಡುಗಿ ಸೀನಿದರೂ ನಾನು ಮೆಚ್ಚುವವಳು.

ನಮ್ಮದು ಕುರುಗೋಡಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆ. ಯಜಮಾನರು ಹತ್ತಿ ಹಿಂಜುವುದು, ನಾನು ಉದ್ದದ ಸೂಜಿಯಲ್ಲಿ ಗಾದಿಯ ಬಾಯಿ ಹೊಲಿಯುವುದು. ನಾವು ಹೊಲಿದ ಗಾದಿಗಳ ಮೇಲೆ ಎಷ್ಟೋ ಜನ ಮಲಗಿ ಎದ್ದರು, ಯಾರ ಗಾದಿಯ ಮೇಲೂ ನಮ್ಮ ಹೆಸರಿರಲಿಲ್ಲ. ಈಗ ಮಗನ ಮಗಳು ಕೋರ್ಸು ಕಲಿತು ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಕೋಣೆ ಹಿಡಿದು ಪಾರ್ಲರ್ ಇಟ್ಟಳು. ಬಾಗಿಲ ಮೇಲೆ ಬೋರ್ಡು, ಬೋರ್ಡಿನ ಮೇಲೆ ಅವಳ ಹೆಸರು. ನಾನು ಸಿರುಗುಪ್ಪದ ತವರಿನಲ್ಲಿ ಎರಡನೇ ಕ್ಲಾಸಿನವರೆಗೆ ಸಾಲಿಗೆ ಹೋದವಳು, ಅಕ್ಷರ ಕೂಡಿಸಿ ಓದಬಲ್ಲೆ. ಮೊದಲ ದಿನ ರಸ್ತೆಯ ನಡುವೆ ನಿಂತು 'ರೇ', 'ಷ್ಮಾ' ಎಂದು ಓದಿದೆ. ಚೆನ್ನಾಗಿತ್ತು ಅಂತ ಮತ್ತೊಮ್ಮೆ ಓದಿದೆ. ಹಿಂದೆ ಆಟೋದವನು ಹಾರನ್ ಹೊಡೆದು ಹೊಡೆದು ಸೋತು, "ಏನವ್ವಾ, ಬೋರ್ಡ್ ಬಾಯಿಪಾಠ ಮಾಡಾಕ ಹತ್ತೀಯೇನು? ಸರೀ ಅತ್ತಾಗ" ಎಂದ. "ನನ್ನ ಮೊಮ್ಮಗಳ ಹೆಸರಪ್ಪಾ ಅದು" ಎಂದೆ. ಪಾಪ, ಅವನೂ ಕತ್ತೆತ್ತಿ ಓದಿದ.

ಹುಬ್ಬು ತೀಡಿಸಲು, ಕೂದಲು ಕತ್ತರಿಸಲು ಹೆಂಗಸರು ಬರತೊಡಗಿದರು. ಆದರೆ ಆ ಕೆಂಪು ಬೆಳಕಿನ ಮಿಷನ್ನಿನ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. ಕಂಪನಿಯವರು ಅದನ್ನು ನಡೆಸಿ ನೋಡಲು ಕೊಟ್ಟಿದ್ದರು. ಗಿರಾಕಿ ಬಂದರೆ ಇಟ್ಟುಕೊಳ್ಳುವುದು, ಬಾರದಿದ್ದರೆ ತಿಂಗಳ ಕೊನೆಗೆ ಅವರೇ ಬಂದು ಎತ್ತಿಕೊಂಡು ಹೋಗುವುದು ಎಂದು ಮಾತಾಗಿತ್ತು. ಊರಲ್ಲಿ ಬೇರೆಲ್ಲೂ ಇಲ್ಲದ ಮಿಷನ್ನು ತಂದೆನೆಂದು ಮೆರೆದ ಹುಡುಗಿ, ದಿನವೂ ಅದರ ಮೇಲಿನ ಧೂಳು ಒರೆಸುತ್ತಾ ಸಣ್ಣಗಾಗುತ್ತಿದ್ದಳು. ಹೆಂಗಸರು ಬಾಗಿಲಲ್ಲೇ ನಿಂತು, "ಸುಡತೈತೇನವಾ?", "ಮಕದ ಚರ್ಮ ಸುಲದು ಬರತೈತಂತ, ಹೌದಾ?" ಎಂದು ಕೇಳಿ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಲೇ ರೇಷ್ಮಾ, ನನ್ನ ಮಕ ಐತಲ್ಲ, ಇದರ ಮ್ಯಾಲೆ ಮಾಡು. ಕೆಟ್ಟರ ಏನು ಕೆಡತೈತಿ?" ಎಂದೆ. ಅವಳು ನನ್ನ ಮುಖವನ್ನು ಅಂಗಡಿಯವನು ಹಳೇ ಗಾದಿ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿ, "ಅಜ್ಜಿ, ಕೆಲಸ ಭಾಳ ಐತಿ" ಎಂದಳು.

ಮೊದಲು ಒಂದು ಫೋಟೋ, ಆಮೇಲೆ ಒಂದು ಫೋಟೋ, ಎರಡನ್ನೂ ಗೋಡೆಗೆ ಹಾಕಿದರೆ ಜನ ತಾವೇ ನೋಡಿ ಬರುತ್ತಾರೆ ಎನ್ನುವುದು ಅವಳ ಲೆಕ್ಕ. ನಾನು ಬಸ್ಸಿಳಿದು ನೆಟ್ಟಗೆ ಬಂದಿದ್ದೆ. ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಫೋಟೋ ತೆಗೆದಳು. ನನಗೆ ಫೋಟೋ ಅಂದರೆ ರೇಷನ್ ಕಾರ್ಡು. ಅಲ್ಲಿ ಬಾಯಿ ಮುಚ್ಚಿಸಿ, ಗದ್ದ ಎತ್ತಿಸಿ, ಉಸಿರು ಹಿಡಿಸಿ ತೆಗೆದಿದ್ದರು. ಇಲ್ಲಿಯೂ ಹಾಗೇ ಬಿಗಿದು ನಿಂತೆ. ಫೋಟೋ ಆದ ಮೇಲೆ ಒಳಗೆ ಮಲಗಿಸಿ, ಯಜಮಾನರು ಹಿಂಜಿ ಕಳಿಸಿದ್ದ ಹತ್ತಿಯಿಂದಲೇ ಮುಖ ಒರೆಸಿದಳು. ಬಿಳಿ ಹತ್ತಿ ಉಂಡೆ ಉಂಡೆಯಾಗಿ ಕೆಂಪಾಗಿ ಬುಟ್ಟಿಗೆ ಬಿತ್ತು. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿ ಮಿಷನ್ನು ಹಚ್ಚಿದಳು.

ಕೆಂಪು ಬೆಳಕೆಂದರೆ ಹೇಗಿರುತ್ತದೆಂದು ಕೇಳುವವರಿಗೆ ಹೇಳಿಬಿಡುತ್ತೇನೆ: ಏನೂ ಇರುವುದಿಲ್ಲ. ಕನ್ನಡಕ ಕಟ್ಟುವ ಮುಂಚೆ ಕಂಡಿದ್ದಿಷ್ಟೇ, ದಾಳಿಂಬೆ ಒಡೆದು ಹರಡಿಟ್ಟಂತೆ ಸಣ್ಣ ಸಣ್ಣ ಬಲ್ಬುಗಳು. ಆಮೇಲೆ ಹಾಲು ಕಾಯಿಸಿ ಇಳಿಸಿದ ಪಾತ್ರೆಯ ಪಕ್ಕ ಕೂತಂತೆ ಒಂದಿಷ್ಟು ಬಿಸುಪು. ಉರಿಯಲಿಲ್ಲ, ಚುಚ್ಚಲಿಲ್ಲ, ಚರ್ಮ ಸುಲಿಯಲಿಲ್ಲ. ನಾನು ಗೊರಕೆ ಹೊಡೆದೆನಂತೆ. ಎದ್ದು ಕನ್ನಡಿ ನೋಡಿದರೆ ಮುಖ ತಿಳಿಯಾಗಿತ್ತು! ಒಂದೇ ಸಲಕ್ಕೆ! ಕುರುಗೋಡಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ, ಟಿಕೀಟು ಕೊಡುವವನಿಗೆ, ಎಲ್ಲರಿಗೂ ಮುಖ ತೋರಿಸಿದೆ. ಮನೆಯಲ್ಲಿ ಯಜಮಾನರು ನೋಡಿ, "ಮಕ ತೊಳಕಂಡು ಬಂದೀಯಲ್ಲ, ಚಲೋ ಆತು" ಎಂದರು. ಆ ಮನುಷ್ಯನಿಗೆ ಹತ್ತಿ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ ಎಂದುಕೊಂಡೆ. ಬುಟ್ಟಿಯಲ್ಲಿ ಬಿದ್ದಿದ್ದ ಕೆಂಪು ಹತ್ತಿಯ ನೆನಪು ಬಂದದ್ದು ಮರುದಿನ.

ವಾರದಲ್ಲಿ ಎರಡು ಮೂರು ಸಲ ಹೋಗಿ ಮಲಗಿದೆ. ಒಮ್ಮೆ ಎದ್ದ ಮೇಲೆ, "ಇವತ್ತು ಭಾಳ ಹಿಡೀತು ನೋಡವ್ವಾ, ಒಳಗಿನ ಎಲುಬಿನ ತನಕ ಬೆಳಕು ಇಳೀತು" ಎಂದು ಹೊಗಳಿದೆ. ರೇಷ್ಮಾ ಕನ್ನಡಕ ಒರೆಸಿಡುತ್ತಾ, "ಅಜ್ಜಿ, ನೀ ಮಲಗಿದ ಕೂಡ್ಲೇ ಕರೆಂಟ್ ಹೋಗಿತ್ತು. ನಿದ್ದಿ ಹತ್ತಿತ್ತಲ್ಲ ಅಂತ ಎಬ್ಬಸಲಿಲ್ಲ" ಎಂದಳು. ಅಂದಿನಿಂದ ನನ್ನ ಅನುಭವದ ಮೇಲೆ ನನಗೇ ನಂಬಿಕೆ ಹೋಯಿತು. ಆದರೂ ದಿನ ಕಳೆದ ಹಾಗೆ ಕೆನ್ನೆಯ ಒರಟು ಕೊಂಚ ತಗ್ಗಿದ್ದು ಕೈಗೆ ಸಿಕ್ಕಿತು. ಕೌದಿಯ ಬಟ್ಟೆ ಒಂದು ಒಗೆತ ಕಂಡಷ್ಟು ವ್ಯತ್ಯಾಸ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಎರಡನೇ ಫೋಟೋದ ದಿನ ಬಂತು. ರೇಷ್ಮಾ ಗುಲಾಬಿ ಬಣ್ಣದ ಕೋಟು ತೊಟ್ಟು, ಕ್ಯಾಮರಾ ಹಿಡಿದು ಎದುರು ನಿಂತಳು. "ಅಜ್ಜಿ, ನಗಬ್ಯಾಡ." ಸರಿ ಎಂದೆ. "ಅಜ್ಜಿ, ನಕ್ಕರ ಗೆರಿ ಬೀಳತಾವು." ಗೊತ್ತು ಎಂದೆ. ಆದರೆ ಅವಳು ಒಂದು ಕಣ್ಣು ಮುಚ್ಚಿ ಕ್ಯಾಮರಾದಲ್ಲಿ ನೋಡುವಾಗ ನಾಲಿಗೆಯ ತುದಿಯನ್ನು ತುಟಿಯ ಮೂಲೆಯಲ್ಲಿ ಹೊರಗೆ ಚಾಚುತ್ತಾಳೆ. ಚಿಕ್ಕವಳಿದ್ದಾಗ ನನ್ನ ಸೂಜಿಗೆ ದಾರ ಪೋಣಿಸುವಾಗ ಹಾಗೇ ಚಾಚುತ್ತಿದ್ದಳು. ಅದನ್ನು ನೋಡಿ ನಗದೆ ಇರುವುದು ನನ್ನ ಕೈಲಿ ಆಗುವ ಕೆಲಸವಲ್ಲ. ಸತ್ತ ಎಮ್ಮೆಯನ್ನು ನೆನೆಸಿಕೊಂಡೆ. ಇಲಿ ಕಡಿದ ಗಾದಿಗಳನ್ನು ನೆನೆಸಿಕೊಂಡೆ. ಯಾವುದಕ್ಕೂ ನಗು ನಿಲ್ಲಲಿಲ್ಲ. ಎಷ್ಟು ತೆಗೆದರೂ ಹಲ್ಲಿಲ್ಲದ ಬಾಯಿ ತೆರೆದುಕೊಂಡೇ ಬಂತು.

ಎರಡು ಫೋಟೋಗಳೂ ಒಂದೇ ಕಟ್ಟಿನಲ್ಲಿ ಗೋಡೆಗೇರಿದವು, ಕೆಳಗೆ 'ಮೊದಲು', 'ಆಮೇಲೆ' ಎಂಬ ಚೀಟಿ. ಅಲ್ಲಿ ನಿಂತು ನೋಡಿದರೆ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಮೊದಲಿನದರಲ್ಲಿ ಅದಿರಿನ ಧೂಳು ನನ್ನ ಸುಕ್ಕುಗಳಲ್ಲಿ ಕೂತು, ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದಂತೆ ಎಲ್ಲವನ್ನೂ ಸಮ ಮಾಡಿಬಿಟ್ಟಿತ್ತು. ಬಿಗಿದ ಬಾಯಿ, ಎತ್ತಿದ ಗದ್ದ, ಒಂದು ಗೆರೆ ಇಲ್ಲ. ಆಮೇಲಿನದರಲ್ಲಿ ಧೂಳು ಹೋಗಿ, ನಗು ಬಂದು, ನನ್ನ ಮುಖ ಕೈಯಲ್ಲಿ ಹಿಂಡಿ ಬಿಟ್ಟ ಬಟ್ಟೆಯಂತಿತ್ತು. ಇದನ್ನು ನೋಡಿ ಯಾವ ಹೆಂಗಸು ಆ ಮಿಷನ್ನಿನ ಕೆಳಗೆ ಮಲಗುತ್ತಾಳೆ? ಕಂಪನಿಯವರು ಬರುವ ದಿನ ಹತ್ತಿರವಾಗಿತ್ತು. ಅವತ್ತೇ ಮಧ್ಯಾಹ್ನ ಪಕ್ಕದ ರಸ್ತೆಯ ಸರೋಜಮ್ಮ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಮೊದಲು ಕೊಳಗಲ್ಲು ಊರಿನಲ್ಲಿ ಒಂದೇ ಒಂದು ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಮನೆ ಅವಳದು, ಈಗ ಬಾಗಿಲ ಮುಂದೆ ಅದಿರು ಹೊರುವ ಲಾರಿಗಳು ಸಾಲಾಗಿ ನಿಂತಿದ್ದವು. ಅವಳು ಒಮ್ಮೆ ಮಲಗಿದರೆ ಪಾರ್ವತಿನಗರವೆಲ್ಲ ಮಲಗುತ್ತದೆ ಎಂದು ರೇಷ್ಮಾ ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವಳು ಟವೆಲ್ ಒಗೆಯಲು ಹಿಂದಕ್ಕೆ ಹೋದಾಗ ನಾನು ಸ್ಟೂಲು ಹತ್ತಿದೆ. ಎರಡನೇ ಕ್ಲಾಸಿನ ವಿದ್ಯೆ ಅಂದು ಉಪಯೋಗಕ್ಕೆ ಬಂತು. ಅಕ್ಷರ ಕೂಡಿಸಿ ಓದಿ, 'ಮೊದಲು' ಚೀಟಿಯನ್ನು ನಗುವ ಮುದುಕಿಗೆ, 'ಆಮೇಲೆ' ಚೀಟಿಯನ್ನು ನುಣ್ಣನೆಯ ಮುದುಕಿಗೆ ಅಂಟಿಸಿ, ಪರದೆಯ ಹಿಂದೆ ಹೋಗಿ ಕೂತೆ. ಇಷ್ಟು ಬುದ್ಧಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಸರೋಜಮ್ಮ ಬಂದಳು. ಬಳೆ ಸದ್ದು, ಅತ್ತರಿನ ವಾಸನೆ, ಕೈಯಲ್ಲಿ ಕೂಗುತ್ತಲೇ ಇದ್ದ ಫೋನು. "ಲಾರಿ ಎಲ್ಲಿ ನಿಂತೈತೋ ನಂಗೇನು ಗೊತ್ತು? ನಿಮ್ಮ ಸಾವ್ಕಾರನ್ನ ಕೇಳು" ಎಂದು ಫೋನಿಗೆ ಗದರಿ, ಗೋಡೆಯ ಮುಂದೆ ನಿಂತಳು. ನಾನು ಪರದೆಯ ಸಂದಿಗೆ ಕಣ್ಣಿಟ್ಟೆ.

"ಏಮ್ಮಾ ರೇಷ್ಮಾ, ಇದೇನಿದು?" ಎಂದಳು. "ಮೊದಲು ಇಷ್ಟು ಚೆಂದ ನಗತಿದ್ದ ಅಜ್ಜಿ ಆಮ್ಯಾಲೆ ಹಿಂಗಾಗ್ಯಾಳ? ಮಕ ಎಲ್ಲಾ ಕೆಂಪಗ ಸುಟ್ಟೈತಿ, ಪಾಪ, ಬಾಯಿ ತೆರಿಯಾಕೂ ಆಗವಲ್ದು! ಬ್ಯಾಡ ತಾಯಿ, ನಿನ್ನ ಬೆಳಕು ಬ್ಯಾಡ."

ಚಪ್ಪಲಿ ಮೆಟ್ಟುವ ಸದ್ದು ಕೇಳಿತು. ರೇಷ್ಮಾ ಫೋಟೋದತ್ತ ನೋಡಿ, "ಅಕ್ಕಾ, ಅದು..." ಎನ್ನುತ್ತಾ ಬಾಗಿಲಿಗೆ ಅಡ್ಡ ಬಂದಳು. ಅಷ್ಟರಲ್ಲಿ ನಾನು ಪರದೆ ಸರಿಸಿಕೊಂಡು, ಸರಿಸುವುದೇನು ಬಂತು, ಪರದೆಯನ್ನೇ ಸುತ್ತಿಕೊಂಡು ಹೊರಗೆ ಬಿದ್ದೆ. "ಸುಟ್ಟಿಲ್ರೀ ತಾಯಿ! ಅದು ನಾನಾ! ಅದು ದುಮ್ಮು, ಬಸ್ಸಿನ ಧೂಳು! ಚೀಟಿ ನಾನಾ ಬದಲು ಮಾಡೀನಿ!"

ಸರೋಜಮ್ಮ ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಮುಖ ನೋಡಿದಳು, ಫೋಟೋ ನೋಡಿದಳು. "ಸುಟ್ಟಿಲ್ಲ. ಆದ್ರ ಸುಕ್ಕೂ ಹೋಗಿಲ್ಲ" ಎಂದಳು.

ನಾನು ಬಾಯಿ ತೆರೆಯುವ ಮುಂಚೆ ರೇಷ್ಮಾ ಮಾತಾಡಿದಳು. "ಹೋಗಲ್ರಿ ಅಕ್ಕಾ. ನಮ್ಮಜ್ಜಿಯಷ್ಟು ಆಳದ ಗೆರಿ ಇದಕ್ಕ ಹೋಗಲ್ಲ. ಬೆಳ್ಳಗೂ ಆಗಲ್ಲ. ಸಣ್ಣ ಗೆರಿ ಒಂದೀಟು ಮೆತ್ತಗ ಆಗಬಹುದು, ಚರ್ಮದ ಒರಟು ಕಡಿಮಿ ಆಗಬಹುದು. ಅದೂ ಭಾಳ ದಿನ ತಪ್ಪದಂಗ ಬಂದ್ರ. ಕೆಲವರಿಗೆ ಏನೂ ಗೊತ್ತಾಗಲ್ಲ. ಮಕದ ಮ್ಯಾಲೆ ಏನರ ಗಾಯ, ಔಷಧ ನಡದಿದ್ರ ಡಾಕ್ಟರನ್ನ ಕೇಳಿ ಬರ್ರಿ."

ನನಗೆ ಅವಳ ಬಾಯಿಗೆ ಅದೇ ಹತ್ತಿ ತುರುಕಬೇಕೆನ್ನಿಸಿತು. ಹೀಗೆ ವ್ಯಾಪಾರ ಮಾಡಿದರೆ ಆಯಿತು ಕಥೆ! ಅಷ್ಟರಲ್ಲಿ ಸರೋಜಮ್ಮನ ಫೋನು ಮತ್ತೆ ಕೂಗಿತು. ಅವಳು ಅದನ್ನು ನೋಡಿ, ಮಂಚ ನೋಡಿ, "ಮಲಗಿದಾಗ ಫೋನು?" ಎಂದು ಕೇಳಿದಳು.

"ಹೊರಗ ಇಡಬೇಕ್ರಿ."

"ಯಾರೂ ಮಾತಾಡಸಂಗಿಲ್ಲ?"

"ಇಲ್ರಿ. ಕಣ್ಣಿಗೆ ಕನ್ನಡಕ ಕಟ್ಟಿ ಸುಮ್ಮನ ಮಲಗೋದು."

"ಕಟ್ಟವ್ವಾ ಮತ್ತ" ಎಂದು ಸರೋಜಮ್ಮ ಫೋನನ್ನು ನನ್ನ ಕೈಗೆ ತುರುಕಿ ಹೋಗಿ ಮಲಗಿಬಿಟ್ಟಳು. ಅದು ಮತ್ತೆ ಕೂಗಿತು. ಯಾವನೋ ಡ್ರೈವರು, "ಅಮ್ಮಾರು ಎಲ್ಲದಾರ?" ಎಂದ. "ಕೆಂಪಾಗಾಕ ಹೋಗ್ಯಾರಪ್ಪಾ" ಎಂದೆ. ಹೆದರಿ ಇಟ್ಟುಬಿಟ್ಟ. ಒಳಗಿನಿಂದ ಸಣ್ಣಗೆ ಗೊರಕೆ ಬಂತು. ರೇಷ್ಮಾ ನನ್ನ ಕಡೆ ನೋಡಿ ಬೈಯಲು ಬಾಯಿ ತೆರೆದಳು, ಬೈಗುಳದ ಬದಲು ನಗು ಬಂತು, ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಅವಳಿಗೆ ಸೆರಗಿಲ್ಲವಲ್ಲ, ನನ್ನದನ್ನೇ ಹಂಚಿಕೊಂಡಳು.

ಆಮೇಲೆ ಸರೋಜಮ್ಮನ ಓರಗಿತ್ತಿ ಬಂದಳು, ಅವಳ ಗೆಳತಿ ಬಂದಳು. ಕಂಪನಿಯವರು ಬಂದು, ಚಹಾ ಕುಡಿದು, ಮಿಷನ್ನು ಇದ್ದಲ್ಲೇ ಬಿಟ್ಟು ಹೋದರು. ಅವತ್ತು ನಾನು ಬೋರ್ಡನ್ನು ಮತ್ತೊಮ್ಮೆ ಓದಿದೆ, ಈ ಸಲ ರಸ್ತೆಯ ಅಂಚಿಗೆ ನಿಂತು. ಚೀಟಿಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಹೊಸಬರು ಯಾರಾದರೂ ಬಂದು, ಈ ಬೆಳಕಿಗೆ ಮುಖದ ಗೆರೆಯೆಲ್ಲ ಹೋಗುತ್ತದೆಯೇ ಎಂದು ಕೇಳಿದರೆ ರೇಷ್ಮಾ ಹೆಚ್ಚು ಮಾತಾಡುವುದಿಲ್ಲ. ನಾನಿರುವ ಮೂಲೆಗೆ ಕೈ ತೋರಿಸಿ, "ಇದರಿಂದ ಏನೇನು ಆಗಲ್ಲ ಅಂತ ನೋಡಬೇಕಂದ್ರ ನಮ್ಮಜ್ಜಿನ ನೋಡ್ರಿ" ಅನ್ನುತ್ತಾಳೆ. ನಾನು ಎದ್ದು, ಬೆಳಕಿಗೆ ಬಂದು ನಿಂತು, ಎರಡೂ ಕೆನ್ನೆಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸುತ್ತೇನೆ.